ಪೈಲ್ವಾನನ ಕಿವಿ ಮುರಿದ ಭೀಮಗೊಂಡ

ಗಡಹಿಂಗ್ಲಜದ ಕೋಳಿಗಳು ಇನ್ನೂ ಕೂಗಿ ಮುಗಿಸಿಲ್ಲ. ಭೀಮಗೊಂಡರು ಆಗಲೇ ಒಬ್ಬ ಪೈಲ್ವಾನನ ಕಿವಿ ಮುರಿಯಲು ಕುಳಿತಿದ್ದಾರೆ. ಗಾಬರಿ ಬೇಡ, ಕಿವಿ ಇರುವುದು ಕ್ಯಾನ್ವಾಸಿನ ಮೇಲೆ. ಮೂಡಲ ಕಿಟಕಿ ತೆರೆದು, ತಾವೇ ಅಕ್ಕರೆಯಿಂದ ಬರೆದ ಎರಡು ಸುಂದರ ಕಿವಿಗಳನ್ನು ಈಗ ಸಣ್ಣ ಕುಂಚದಿಂದ ಗಂಟುಗಂಟು ಮಾಡುತ್ತಿದ್ದಾರೆ. "ಚಂದ ಮಾಡೂದು ಸಸಾರ ರೀ. ಚಂದ ಮಾಡಿದ್ದನ್ನ ಕೆಡಸೂದ ಭಾಳ ಕಠಿಣ," ಎಂದು ನೋಡಲು ಹೋದ ನಮಗೆ ಹೇಳುತ್ತಾರೆ.

ಚಿತ್ರದಲ್ಲಿರುವವನು ಮುರಗೂಡದ ನಾಮದೇವ, ಕೊಲ್ಹಾಪುರದ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಬೆಳೆದ ಕುಸ್ತಿಪಟು. ಅವನ ತಸಬೀರು ತಾಲೀಮಿನ ಗೋಡೆಗೇರಲಿ ಎಂದು ಅವನ ಗುರು, ಮುದುಕ ವಸ್ತಾದರೇ ಬರೆಸಿದ್ದು. ಆದರೆ ನಿನ್ನೆ ಅದು ಧೋತರದಲ್ಲಿ ಸುತ್ತಿಕೊಂಡು, ಬಸ್ಸಿನ ಟಪ್ಪಿನ ಮೇಲೆ ಕುಳಿತು ವಾಪಸು ಬಂತು. ತಾಲೀಮಿನ ಹುಡುಗರು "ಇಂವ ಯಾವ ಮದುಮಗ?" ಎಂದು ನಕ್ಕರಂತೆ. ಕೆಂಪು ಮಣ್ಣಿನಲ್ಲಿ ತಲೆಗೆ ತಲೆ ತಿಕ್ಕಿ ನಾಮದೇವನ ಕಿವಿಗಳು ಬೆಲ್ಲದ ಹೆಂಟೆಯಂತೆ ಗಟ್ಟಿಯಾಗಿವೆ. ಪೈಲ್ವಾನನಿಗೆ ಮುರಿದ ಕಿವಿಯೇ ಪದಕ, ಇದು ಕೊಲ್ಹಾಪುರದಲ್ಲಿ ಎಳೆಗೂಸಿಗೂ ಗೊತ್ತು. ಭೀಮಗೊಂಡರು ಮಾತ್ರ ಅಯ್ಯೋ ಪಾಪ ಎಂದು ಅವನ್ನು ನೆಟ್ಟಗೆ ಮಾಡಿ ಕಳಿಸಿದ್ದರು.

ಅದು ಅವರ ಕೈಗೆ ಅಂಟಿದ ರೂಢಿ. ಸುಳಕೂಡದ ರೈತನ ಮಗ. ಕೊಲ್ಹಾಪುರದಲ್ಲಿ ಸಿನಿಮಾ ಬೋರ್ಡಿನವರಿಗೆ ಬಣ್ಣ ಅರೆದು, ಇಚಲಕರಂಜಿಯಲ್ಲಿ ಗೋಡೆ ಜಾಹೀರಾತು ಬರೆದು, ಹಸಿವು ಉಂಡು ಕಲಿತ ಕಸುಬು. ಊರೂರಿಗೆ ಫೋಟೋ ಸ್ಟುಡಿಯೋ ಎದ್ದಿರುವ ಈ ಅರವತ್ಮೂರನೆಯ ಇಸವಿಯಲ್ಲೂ ಜನ ಇವರನ್ನು ಹುಡುಕಿಕೊಂಡು ಬರುವುದು ಇದಕ್ಕೇ. ಬೋಳು ತಲೆಗೆ ಇವರು ರುಮಾಲು ಸುತ್ತುತ್ತಾರೆ. ಮೆಳ್ಳಗಣ್ಣಿನವರ ಕೈಗೆ ಪುರಾಣದ ಪೋಥಿ ಕೊಟ್ಟು ನೋಟ ಕೆಳಗಿಳಿಸುತ್ತಾರೆ. ಮಗ್ಗಕ್ಕೆ ಬೆರಳು ಕೊಟ್ಟವನ ಕೈ ಶಾಲಿನೊಳಗೆ ಸೇರುತ್ತದೆ. "ದೇವರು ಅವಸರದಾಗ ಬಿಟ್ಟಿದ್ದನ್ನ ನಾ ನಿವಾಂತ ಕುಂತ ಮಾಡತೇನಿ," ಎಂಬುದು ನಿನ್ನೆಯವರೆಗೆ ಅವರು ಹೇಳುತ್ತಿದ್ದ ಮಾತು.

ಮಧ್ಯಾಹ್ನ ವಸ್ತಾದರು ಖುದ್ದಾಗಿ ಬರುತ್ತಾರೆ. ಅವರು ಒಲ್ಲೆ ಎಂದರೆ ಚಿತ್ರ ಅಟ್ಟ ಸೇರಿದಂತೆಯೇ. "ನನ್ನ ತಸಬೀರೆಲ್ಲಾ ಮಂದಿ ದೇವರ ಮನ್ಯಾಗ, ಸತ್ತವರ ಸಾಲಿನಾಗ ಅದಾವ್ರಿ. ಒಂದರ ನಾಕ ಮಂದಿ ನೋಡೂವಲ್ಲಿ ಇರಲಿ ಅಂತ ಆಸೆ," ಎನ್ನುವಾಗ ಭೀಮಗೊಂಡರ ದನಿ ಸಣ್ಣಗಾಗುತ್ತದೆ.

ಹೆಂಡತಿ ಅನ್ನವ್ವ ಚಹಾ ತಂದಿಟ್ಟು ಗೋಡೆಯತ್ತ ಕೈ ಮಾಡುತ್ತಾರೆ. ಅಲ್ಲಿರುವುದು ಅವರದೇ ತಸಬೀರು, ಮದುವೆಯಾದ ಹೊಸತರದ್ದು. ಅನ್ನವ್ವನವರ ಮುಂದಿನ ಎರಡು ಹಲ್ಲು ಉಬ್ಬು. ಚಿತ್ರದಲ್ಲಿ ತುಟಿ ಬಿಗಿದು ಮುಚ್ಚಿದೆ. "ಆಕಿ ನನ್ನ ಸವತಿ ರೀ. ನಗೂದಿಲ್ಲ, ಎದುರ ಮಾತಾಡೂದಿಲ್ಲ. ಅದಕ್ಕ ಇವರಿಗೆ ಭಾಳ ಸೇರತಾಳ," ಎಂದು ಅವರು ನಗುತ್ತಾರೆ. ಭೀಮಗೊಂಡರು ಚಹಾದ ಬಸಿಯಲ್ಲಿ ಮುಖ ಮರೆಸಿಕೊಳ್ಳುತ್ತಾರೆ.

ವಸ್ತಾದರು ನಾಮದೇವನನ್ನೂ ಕರೆದುಕೊಂಡು ಬಂದವರೇ ಅವನ ಕಿವಿ ಹಿಡಿದು ಕ್ಯಾನ್ವಾಸಿನ ಪಕ್ಕಕ್ಕೆ ಎಳೆದು ನಿಲ್ಲಿಸುತ್ತಾರೆ. ಎತ್ತಿನಂಥ ಆಳು, ಕರುವಿನ ಹಾಗೆ ನಿಲ್ಲುತ್ತಾನೆ. ಮುದುಕರು ಆ ಕಿವಿ ನೋಡುತ್ತಾರೆ, ಈ ಕಿವಿ ನೋಡುತ್ತಾರೆ, ಕೊನೆಗೆ ಬೆರಳು ಚಾಚುತ್ತಾರೆ. "ಹಸಿ ಐತ್ರಿ, ಮುಟ್ಟಬ್ಯಾಡ್ರಿ," ಎಂದು ಅನ್ನವ್ವ ತಡೆಯುತ್ತಾರೆ.

"ಹಾ ಆಮಚಾ," ಎನ್ನುತ್ತಾರೆ ವಸ್ತಾದರು. ಇವ ನಮ್ಮವ. ಅಷ್ಟೇ ಮಾತು. ನಾಮದೇವ ಕೆಂಪಾದ ಕಿವಿ ತಿಕ್ಕಿಕೊಳ್ಳುತ್ತ, "ಈಗ ನಮ್ಮ ಅವ್ವನೂ ಗುರತ ಹಿಡೀತಾಳ," ಎನ್ನುತ್ತಾನೆ. ಬಣ್ಣ ಒಣಗಿದ ಮೇಲೆ ಒಯ್ಯುವುದೆಂದು ಮಾತಾಗುತ್ತದೆ.

ಅವರು ಹೋದ ಮೇಲೆ ಭೀಮಗೊಂಡರು ಗೋಡೆಯ ತಸಬೀರನ್ನು ಇಳಿಸಿ ಧೂಳು ಒರೆಸುತ್ತಾರೆ. ಹೊಸ ಕ್ಯಾನ್ವಾಸು ನಿಲ್ಲಿಸಿ, "ಕುಂಡರ," ಎನ್ನುತ್ತಾರೆ. ಅನ್ನವ್ವನವರ ಕೈ ರೂಢಿಯಂತೆ ಸೆರಗನ್ನು ಬಾಯಿಗೆ ತರುತ್ತದೆ.

"ಸೆರಗ ತಗಿ."

"ಹಲ್ಲ ಕಾಣತಾವು."

"ಕಾಣಲಿ."

ಅನ್ನವ್ವ ತಡೆಯಲಾರದೆ ನಗುತ್ತಾರೆ. ಭೀಮಗೊಂಡರು ಇದ್ದಿಲಿನ ಮೊದಲ ಗೆರೆ ಎಳೆಯುತ್ತ, ನಮ್ಮತ್ತ ತಿರುಗಿ ನೋಡದೆಯೇ ಹೇಳುತ್ತಾರೆ: "ಊರ ಮಂದಿನ್ನೆಲ್ಲಾ ಬರದೇನಿ ರೀ. ಒಮ್ಮೆರ ಅನ್ನವ್ವನ್ನ ಬರೀಬೇಕು."