ಟಿಪ್ಪೆಟ್‌ನ ಹಸಿರು

ಮೇವಿಸ್ ಹಾಸ್ಕಿಂಗ್‌ಗೆ ಹಸಿರು ಕಂಡರೇ ಓಕರಿಕೆ ಬರುವಂತಾದದ್ದು ಹೌರಾಕಿ ಬಯಲಿನಲ್ಲಿ ಕಳೆದ ಆ ಒಂದು ವಸಂತದಲ್ಲಿ. ಯಂತ್ರದ ಬಟ್ಟಲುಗಳನ್ನು ಕೆಚ್ಚಲಿಗೆ ಸಿಕ್ಕಿಸಲು ಬಗ್ಗಿದರೆ ಬೆನ್ನ ಮೇಲೆ ಹಸಿರು ಸುರಿಯುತ್ತಿತ್ತು. ಹಸು ಬಾಲ ಬೀಸಿದರೆ ಕೆನ್ನೆಗೆ, ತುಟಿಗೆ ಹಸಿರು. ಸಗಣಿಯಲ್ಲೇ ಬೆಳೆದವಳು ಅವಳು, ಅದಕ್ಕೆ ಎಂದೂ ಮೂಗು ಮುರಿದವಳಲ್ಲ. ಆದರೆ ಈ ಕೊಳೆತು ನಾರುವ, ನೊರೆನೊರೆಯಾದ ನೀರನ್ನು ಸಗಣಿ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಹಸುಗಳು ಅವಳವು, ನೆಲ ಗಾರ್ಡನ್ ಟಿಪ್ಪೆಟ್‌ನದು, ಹಾಲಿನ ಹಣ ಅರ್ಧರ್ಧ. ಆ ಬಯಲಿನಲ್ಲಿ ನೆಲವಿಲ್ಲದವರು ಬದುಕುವ ದಾರಿ ಇದೇ. ಹುಡುಗಿಯಾಗಿದ್ದಾಗ ಕೂಲಿಗೆ ಸೇರಿದ ಮೇವಿಸ್ ಸಂಬಳದ ಬದಲು ಒಂದು ಜೆರ್ಸಿ ಕರು ಕೇಳಿ ಪಡೆದಿದ್ದಳು. ಆಮೇಲೆ ಮದುವೆ, ಮನೆ, ಚಳಿಗೊಂದು ಒಳ್ಳೆ ಕೋಟು ಎಲ್ಲವನ್ನೂ ಮುಂದಕ್ಕೆ ಹಾಕುತ್ತಾ ಹಿಂಡು ಕಟ್ಟಿದಳು. "ಮೇವಿಸ್‌ಗೆ ಗಂಡ ಬೇಕಂದ್ರೆ ಅವನಿಗೆ ನಾಲ್ಕು ಮೊಲೆ ಇರಬೇಕು ಕಣ್ರೋ" ಎಂದು ಡೈರಿಯ ಬಾಗಿಲಲ್ಲಿ ಗಂಡಸರು ಹಲ್ಲು ಕಿಸಿಯುತ್ತಿದ್ದರು. ಕಿಸಿಯಲಿ. ನಲವತ್ತು ದಾಟಿದ ಅವಳ ಬಳಿ ಇದ್ದದ್ದು ಆ ಹಿಂಡು, ಮತ್ತು ಹಸುಗಳನ್ನು ಶುಚಿಯಾಗಿಡುವವಳು ಎಂಬ ಹೆಸರು. ಪಾಲಿಗೆ ಹಾಲು ಕರೆಯುವವರ ಹೆಸರು ಕೆಟ್ಟರೆ ಯಾರೂ ಗೇಟು ತೆರೆಯುವುದಿಲ್ಲ.

ಟಿಪ್ಪೆಟ್ ಮಹಾಶಯನ ಹೊಟ್ಟೆಕಿಚ್ಚಿನಿಂದ ಇದೆಲ್ಲ ಶುರುವಾಯಿತು. ಗುಡ್ಡದ ಕಡೆಯ ಒಬ್ಬ ರೈತ ಸೂಪರ್‌ಫಾಸ್ಫೇಟ್ ಗೊಬ್ಬರಕ್ಕೆ ಮಾಲಿಬ್ಡಿನಮ್ ಎಂಬ ಖನಿಜ ಚಿಟಿಕೆಯಷ್ಟು ಬೆರೆಸಿ ಎರಚಿಸಿದ್ದ, ಅವನ ಕ್ಲೋವರ್ ಮೇವು ಹುಲುಸಾಗಿ ಎದ್ದಿತ್ತು. ಗುಡ್ಡದ ಜೇಡಿಮಣ್ಣಿಗೆ ಅದು ಬೇಕಿತ್ತು. ಟಿಪ್ಪೆಟ್‌ನದು ಬಸಿದು ಒಣಗಿಸಿದ ಕಪ್ಪು ಜವುಗು, ಅಲ್ಲಿ ಅದು ಮೊದಲೇ ಧಾರಾಳವಾಗಿತ್ತು. ಕೇಳುವ ವ್ಯವಧಾನ ಯಾರಿಗಿದೆ? ಒಮ್ಮೆ ಎರಚಿಸಿದ, ಸಾಲದೆಂದು ಮತ್ತೊಮ್ಮೆ ಎರಚಿಸಿದ. ಹುಲ್ಲು ಮೊಣಕಾಲುದ್ದ ಬಂತು. ಭಾನುವಾರ ಚರ್ಚು ಮುಗಿದ ಮೇಲೆ ನೆಂಟರಿಷ್ಟರನ್ನು ಕರೆತಂದು ಗೇಟಿಗೆ ಒರಗಿಸಿ ತೋರಿಸುವುದೇ ಅವನ ಕೆಲಸವಾಯಿತು.

"ಟಿಪ್ಪೆಟ್ಟರೇ, ಹಸುಗಳು ಉಚ್ಚಿ ಉಚ್ಚಿ ಮೂಳೆಚಕ್ಕಳ ಆಗ್ತಿವೆ" ಎಂದಳು ಮೇವಿಸ್, ನೆಂಟರ ಮುಂದೆಯೇ.

"ಹುಲ್ಲು ನೋಡಮ್ಮ, ಹುಲ್ಲು! ಇದನ್ನ ತಿಂದೂ ಸೊರಗುತ್ತೆ ಅಂದ್ರೆ ಹಸುನಲ್ಲೇ ಏನೋ ಐಬಿರಬೇಕು. ಕೊಟ್ಟಿಗೆ ತೊಳೀತಿದ್ದೀಯ ತಾನೇ?"

ನೆಂಟರು ನಕ್ಕರು. ಮೇವಿಸ್‌ಗೆ ಅವನ ಇಸ್ತ್ರಿ ಮಾಡಿದ ಕಾಲರು ಕೂಡ ಹೊಲಸಾಗಿ ಕಂಡಿತು.

ಅವಳೇ ದನದ ಡಾಕ್ಟರನ್ನು ಕರೆಸಿದಳು. ಕೆಂಪು ಹಸುಗಳ ಕಣ್ಣಿನ ಸುತ್ತ ಕೂದಲು ಬೆಳ್ಳಗಾಗಿ ಕನ್ನಡಕ ಹಾಕಿದಂತಿದ್ದುದನ್ನು ನೋಡಿ ಆತ ಇಬ್ಬರಿಗೂ ಬಿಡಿಸಿ ಹೇಳಿದ: ಮಾಲಿಬ್ಡಿನಮ್ ಮಿತಿಮೀರಿದೆ, ಅದು ತಾಮ್ರವನ್ನು ಮೈಗೆ ಹತ್ತಗೊಡುವುದಿಲ್ಲ. ಹುಲ್ಲಿಗೆ ಒಂದಷ್ಟು ಮೈಲುತುತ್ತ, ಅಂದರೆ ತಾಮ್ರದ ಉಪ್ಪು, ಎರಚಿಸಿ, ಸರಿಹೋಗುತ್ತದೆ. ಟಿಪ್ಪೆಟ್ ತಲೆಯಾಡಿಸಿ ಚಹಾ ಕೊಟ್ಟು ಕಳಿಸಿದ. ಕಾರು ತಿರುವು ದಾಟುವವರೆಗೆ ಮುಗುಳ್ನಗೆ ಮುಖದ ಮೇಲೇ ಇತ್ತು.

"ಮೈಲುತುತ್ತ ಯಾವಾಗ ತರಿಸ್ತೀರಿ?"

"ತರಿಸ್ಲಾ? ಟಿಪ್ಪೆಟ್ ತನ್ನ ನೆಲಾನ ತಾನೇ ಕೆಡಿಸ್ಕೊಂಡ ಅಂತ ಊರೋರು ಆಡ್ಕೊಳ್ಳಲಿ ಅಂತಲಾ? ಜೂನ್‌ಗೆ ಬೇರೆ ಜಾಗ ನೋಡ್ಕೋ, ಮೇವಿಸ್."

ಇಂಥ ಮನುಷ್ಯನ ಕೈಯಲ್ಲಿ ಮೂಕಪ್ರಾಣಿಗಳ ಹೊಟ್ಟೆ ಸಿಕ್ಕಿಕೊಂಡಿತ್ತು! ಮೇವಿಸ್ ಒಂದೊಂದೇ ಹಸುವಿನ ದವಡೆ ಹಿಡಿದು ಬಾಟಲಿಯಲ್ಲಿ ತಾಮ್ರದ ನೀರು ಕುಡಿಸಿ ಅವುಗಳ ಜೀವ ಉಳಿಸಿಕೊಂಡಳು. ಆದರೆ ಮೇಯುವುದು ಅದೇ ಹುಲ್ಲು, ಭೇದಿ ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಯಾರಿಗೂ ಬೇಡವಾದ ಒಂದು ಗುಡ್ಡದ ಜಾಗ ಸಿಕ್ಕಿತು.

ಆ ನಾಡಿನಲ್ಲಿ ಜೂನ್ ಒಂದು ಚಳಿಗಾಲದ ಆರಂಭ, ಪಾಲಿನವರೆಲ್ಲ ಜಾಗ ಬದಲಿಸುವ ದಿನ, ರಸ್ತೆ ತುಂಬ ಹಿಂಡುಗಳು. ಮಂಜು ಬಿದ್ದಿದ್ದರೂ ಮೇವಿಸ್ ಬೇಗ ಎದ್ದು ಒಂದೊಂದು ಹಸುವಿನ ಹಿಂಭಾಗವನ್ನೂ ಬಿಸಿನೀರಲ್ಲಿ ತೊಳೆದು ಹೊರಡಿಸಿದ್ದಳು. ಗೇಟು ದಾಟಿ ಇನ್ನೂರು ಗಜ ನಡೆಯುವಷ್ಟರಲ್ಲಿ ತೊಳೆದದ್ದೆಲ್ಲ ನೀರಲ್ಲಿ ಮಾಡಿದ ಹೋಮವಾಯಿತು. ಅಲ್ಲೇ ಎದುರಾದವರು ಟಿಪ್ಪೆಟ್‌ನ ಹೊಸ ಪಾಲಿನವರು, ರಾನ್ ಕೂಟ್ಸ್ ಮತ್ತು ಅವನ ಹೆಂಡತಿ ಬೆರಿಲ್. ಅವರ ಹಸುಗಳ ಮೈ ಮಿರಿಮಿರಿ ಮಿಂಚುತ್ತಿತ್ತು.

ಮೇವಿಸ್‌ಗೆ ಸುಮ್ಮನಿರಲು ಆಗಲಿಲ್ಲ. "ಒಂದ್ ನಿಮಿಷ ನಿಲ್ಲಿ. ಆ ಕ್ಲೋವರ್ ಮೇಯಿಸಬೇಡಿ. ಮೊದಲು ಮೈಲುತುತ್ತ ಎರಚಿಸಿ, ಇಲ್ಲಾಂದ್ರೆ..."

ರಾನ್ ಮರ್ಯಾದೆಯಿಂದ ಟೋಪಿ ಎತ್ತಿದ. "ಟಿಪ್ಪೆಟ್ಟರು ಹೇಳಿದ್ರು ಮೇಡಂ, ದಾರಿಯಲ್ಲಿ ಸಿಕ್ಕಿದ್ರೆ ನೀವು ನೆಲದ ಮೇಲೆ ತಪ್ಪು ಹಾಕ್ತೀರಿ ಅಂತ."

"ನನ್ನ ಹಸುಗಳನ್ನ ನೋಡಿ ಸ್ವಾಮಿ! ಡಾಕ್ಟರನ್ನ ಕೇಳಿ!"

ಬೆರಿಲ್ ನೋಡಿದಳು. ಅದೇ ಹೊತ್ತಿಗೆ ಒಂದು ಹಸು ಬಾಲ ಎತ್ತಿ ಹಸಿರು ಚಿಮ್ಮಿಸಿತು. "ಥೂ!" ಎಂದು ಬೆರಿಲ್ ಸ್ಕಾರ್ಫ್‌ನಿಂದ ಮೂಗು ಮುಚ್ಚಿಕೊಂಡಳು. "ಪಾಪ, ಬಾಯಿಲ್ಲದ ಪ್ರಾಣಿಗಳು. ಒಂದ್ ಬಕೆಟ್ ನೀರಿಗೂ ಬಡತನವೇನ್ರೀ ನಿಮಗೆ?"

ಅವರು ಮುಂದೆ ಹೋದರು. ದೂರದಲ್ಲಿ ಟಿಪ್ಪೆಟ್ ನಗುತ್ತಾ ಗೇಟು ತೆರೆದು ಹಿಡಿದಿದ್ದ. ಮಿಂಚುವ ಹಸುಗಳು ನೂಕಾಡಿಕೊಂಡು ಒಳನುಗ್ಗಿ ಕ್ಲೋವರ್‌ಗೆ ಬಾಯಿ ಹಾಕಿದವು. ಮೇವಿಸ್‌ಳ ಬಾಯಿ ತುಂಬ ಉಗುಳು ಕಟ್ಟಿತು. ಬೆರಿಲ್ ಇನ್ನೂ ತಿರುಗಿ ತಿರುಗಿ ನೋಡುತ್ತಿದ್ದಳು. ಈಗ ಉಗಿದರೆ ಅದನ್ನೂ ತನ್ನ ಕೊಳಕುತನದ ಲೆಕ್ಕಕ್ಕೇ ಸೇರಿಸುತ್ತಾರೆ ಎಂದು ಮೇವಿಸ್ ಅದನ್ನು ನುಂಗಿಕೊಂಡಳು.