ಲೇಬರ್ ವಾರ್ಡಿನ ಬಾಗಿಲು ತೆರೆಸಿದ ಗುರು

ಕುಟುಂಬ ವೈದ್ಯಕೀಯವೆಂಬ ವಿಭಾಗವೊಂದಿದೆ, ಅದಕ್ಕೂ ಮೂರು ವರ್ಷಗಳ ಸ್ನಾತಕೋತ್ತರ ತರಬೇತಿಯಿದೆ ಎಂಬುದನ್ನು ಹೈದರಾಬಾದಿನ ವೈದ್ಯರೇ ನಂಬದಿದ್ದ ಕಾಲದಲ್ಲಿ ಆ ವಿಭಾಗವನ್ನು ಕಟ್ಟಿ, ಬೆಳೆಸಿ, ಅದಕ್ಕೊಂದು ಮಾನ ತಂದುಕೊಟ್ಟವರು ಡಾ. ಮಂದಾಕಿನಿ ಗಲಗಲಿಯವರು. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯುವ ಭಾಗ್ಯ ಶಿಷ್ಯೆಯಾದ ನನ್ನದಾಗಿದೆ. ಹೊಗಳಿದರೆ ಅವರು ಸಿಡುಕುತ್ತಾರೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಈ ಸಲ ಅವರು ಸುಮ್ಮನೆ ಕೂತು ಓದಲೇಬೇಕು.

ಅಜ್ಜನ ಕಾಲದಲ್ಲೇ ಸರ್ಕಾರಿ ನೌಕರಿಗೆಂದು ಉತ್ತರ ಕರ್ನಾಟಕದಿಂದ ಇಲ್ಲಿಗೆ ಬಂದು ನೆಲೆಸಿದ ಮನೆತನ ಅವರದು. ಸನತ್‌ನಗರದ ನಮ್ಮ ಟ್ರಸ್ಟ್ ಆಸ್ಪತ್ರೆ ಸೇರಿದ ಮೇಲೆ ಅವರು ಬೇರೆ ಕಡೆ ಕಣ್ಣು ಹಾಯಿಸಲಿಲ್ಲ. ೨೦೦೩ರಲ್ಲಿ ನಾನು ತರಬೇತಿಗೆ ಸೇರಿದಾಗ ಊರಿಗೆಲ್ಲ ಸಾಫ್ಟ್‌ವೇರಿನ ಗುಂಗು. ನಮ್ಮ ಜೊತೆಯ ಕೌಸ್ತುಭ ಸ್ಟೆತಾಸ್ಕೋಪನ್ನು ಬ್ಯಾಗಿಗೆ ತುರುಕಿಕೊಂಡು ಸಂಜೆ ಅಮೀರ್‌ಪೇಟ್‌ಗೆ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ. ಅವನನ್ನು ಬೈಯುವಂತಿರಲಿಲ್ಲ. ತಜ್ಞ ವಿಭಾಗಗಳಿಗೆ ತರಬೇತಿಗೆ ಹೋದರೆ ಅಲ್ಲಿ ನಮ್ಮಿಂದ ಕೇಸ್ ಶೀಟ್ ಬರೆಸುತ್ತಿದ್ದರು, ರಕ್ತದ ವರದಿ ತರಿಸುತ್ತಿದ್ದರು, ರೋಗಿಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಇಡೀ ಮನೆಮಂದಿಗೆ ಆಗಬೇಕಾದ ವೈದ್ಯರು ಏನನ್ನೂ ಕಲಿಯದೆ ಹೊರಬೀಳುವ ಲಕ್ಷಣವಿತ್ತು.

ಮೇಡಂ ಒಂದೊಂದೇ ವಿಭಾಗದ ಬೆನ್ನುಹತ್ತಿದರು. ಚರ್ಮರೋಗದವರು ಒಪ್ಪಿದರು, ಮಕ್ಕಳ ವಿಭಾಗದವರು ಒಪ್ಪಿದರು, ಮೂಳೆ ವಿಭಾಗದವರು ಇವರ ಕಾಟ ತಾಳಲಾರದೆ ಒಪ್ಪಿದರು. ಒಪ್ಪದೆ ಉಳಿದವರು ಹೆರಿಗೆ ವಿಭಾಗದ ಮುಖ್ಯಸ್ಥೆ ಡಾ. ನಲಿನಿ ಒಬ್ಬರೇ. ಅವರ ಮಾತಿನಲ್ಲೂ ನ್ಯಾಯವಿತ್ತು. ಎರಡು ಜೀವಗಳ ಪ್ರಶ್ನೆ. ಏನಾದರೂ ಆದರೆ ಉತ್ತರ ಕೊಡುವವರು ಯಾರು? ತಾವೇ ಪಕ್ಕದಲ್ಲಿ ನಿಲ್ಲುವುದಾಗಿ ಮೇಡಂ ಹೇಳಿದಾಗ, ನೀವು ಹೆರಿಗೆ ಮಾಡಿಸಿ ಎಷ್ಟು ಕಾಲವಾಯಿತು ಎಂದು ನಲಿನಿಯವರು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಂಡು ಎದ್ದು ಬರುತ್ತಿದ್ದರು. ಮೇಡಂ ಮರುವಾರವೇ, ತಮಗಿಂತ ಕಿರಿಯರಾದ ನಲಿನಿಯವರ ಕೈಕೆಳಗೆ, ಹೊಸ ವಿದ್ಯಾರ್ಥಿಯಂತೆ ಲೇಬರ್ ವಾರ್ಡಿನ ಕೆಲಸಕ್ಕೆ ನಿಂತರು. ಒಂದು ವಿಭಾಗದ ಮುಖ್ಯಸ್ಥೆ ಗ್ಲೌಸ್ ಹಾಕಿಕೊಂಡು ಬೈಸಿಕೊಳ್ಳುವುದನ್ನು ನರ್ಸುಗಳು ಮೂಗಿನ ಮೇಲೆ ಬೆರಳಿಟ್ಟು ನೋಡಿದರು.

ಕೊನೆಗೆ ನಲಿನಿಯವರು ನಮ್ಮಲ್ಲಿ ಒಬ್ಬರನ್ನು ಮಾತ್ರ ಕಳಿಸಲು ಹೇಳಿದರು. ಆ ಒಬ್ಬರು ಎಡವಿದರೆ ಮುಂದೆ ಯಾರಿಗೂ ಪ್ರವೇಶವಿಲ್ಲ. ಮೇಡಂ ನನ್ನನ್ನು ಆರಿಸಿದರು.

ಕೆಲವು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಸುಗಲಮ್ಮ ಬಂದಳು. ಯಾದಗಿರಿ ಕಡೆಯಿಂದ ಬಂದು ಮಾದಾಪುರದಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡವೊಂದಕ್ಕೆ ಇಟ್ಟಿಗೆ ಹೊರುತ್ತಿದ್ದವಳು, ಚೊಚ್ಚಲ ಬಸಿರು. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಅಕ್ಕಾರ, ನನ್ನ ಕೂಸು ಚಲೋ ಐತೇನ್ರಿ?”

“ಐತವ್ವಾ, ಅಂಜಬ್ಯಾಡ,” ಎಂದೆ.

ಆದರೆ ಹೊತ್ತು ಹೋದರೂ ಕೂಸಿನ ತಲೆ ಕೆಳಗಿಳಿಯಲಿಲ್ಲ. ಅದರ ಎದೆಬಡಿತ ನಿಧಾನವಾಗತೊಡಗಿತು. ಇನ್ನೊಂದಿಷ್ಟು ಕಾದು ನಾನೇ ಹೆರಿಗೆ ಮಾಡಿಸಿದರೆ ನಮ್ಮ ವಿಭಾಗ ಗೆದ್ದಂತೆ, ನಲಿನಿಯವರನ್ನು ಕರೆದರೆ ನಮ್ಮಿಂದಾಗದೆಂದು ಒಪ್ಪಿಕೊಂಡಂತೆ ಎಂದು ನನಗನ್ನಿಸಿತು. ಏನು ಮಾಡಲೆಂದು ಹಿಂದೆ ನಿಂತಿದ್ದ ಮೇಡಂ ಕಡೆ ತಿರುಗಿದೆ.

“ನನ್ನ ಮಾರಿ ಏನ ನೋಡ್ತಿ ರೇಣುಕಾ? ಆಕಿನ್ನ ನೋಡು,” ಎಂದರು.

ನೋಡಿದೆ. ತಕ್ಷಣ ನಲಿನಿಯವರನ್ನು ಕರೆಸಿದೆ. ಅವರು ಪರೀಕ್ಷಿಸಿ ಸುಗಲಮ್ಮನನ್ನು ಆಪರೇಷನ್‌ಗೆ ಒಯ್ದರು. ನಮ್ಮೆಲ್ಲರ ಅವಕಾಶವನ್ನೂ ಕಳೆದೆನೆಂದು ನಾನು ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ. ಮೇಡಂ ಸಮಾಧಾನ ಹೇಳಲಿಲ್ಲ. ಆ ವಿದ್ಯೆ ಅವರಿಗೆ ಇಂದಿಗೂ ಬಾರದು. ನಲಿನಿಯವರು ಹೊರಬಂದು, ತಾಯಿ ಮಗಳು ಇಬ್ಬರೂ ಕ್ಷೇಮವೆಂದರು. ಆಮೇಲೆ ಮೇಡಂ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದರು: “ಇಂಥ ಹೊತ್ತಿನಲ್ಲಿ ಕರೆಯದೆ ಕೂರುವವರನ್ನು ಕಂಡರೇ ನನಗೆ ಭಯ. ಈಕೆ ಕರೆದಳು. ಸೋಮವಾರದಿಂದ ನಿಮ್ಮವರನ್ನೆಲ್ಲ ಕಳಿಸಿ.”

ಅವರು ಹೋದ ಮೇಲೆ ಮೇಡಂ ನನ್ನ ಪಕ್ಕ ಕೂತರು. “ಇನ್ನೊಂದು ಗಳಿಗಿ ನೀ ಸುಮ್ಮನಿದ್ದಿದ್ರ ನಾನ ಕರೀತಿದ್ದೆ. ಅಲ್ಲಿಗೆ ನಿಮ್ಮೆಲ್ಲಾರ ಟ್ರೇನಿಂಗ್ ಮುಗೀತಿತ್ತು,” ಎಂದರು. ಆಗ ಗಮನಿಸಿದೆ, ಯಾವ ಕ್ಷಣಕ್ಕೂ ಕೈಹಾಕಲು ತೊಟ್ಟಿದ್ದ ಗ್ಲೌಸನ್ನು ಅವರು ಕಳಚುವುದನ್ನೇ ಮರೆತಿದ್ದರು. ಅಷ್ಟು ಅಂಜಿಕೆಯಿದ್ದೂ ತೀರ್ಮಾನವನ್ನು ನನಗೇ ಬಿಟ್ಟಿದ್ದರು. ಅಂದು ನನಗೆ ಅವರ ಮೇಲೆ ಹುಟ್ಟಿದ ಪ್ರೀತಿ ಈವರೆಗೂ ಕಡಿಮೆಯಾಗಿಲ್ಲ.

ನಿವೃತ್ತಿಯ ಮರುದಿನದಿಂದಲೇ ಮೇಡಂ ಉಪ್ಪಲ್‌ನ ಚಿಕಿತ್ಸಾಲಯವೊಂದರಲ್ಲಿ ಕೂರಲಿದ್ದಾರೆ. ಅವರಿಂದ ಈ ವಿಭಾಗದ ಹೊಣೆ ವಹಿಸಿಕೊಂಡಿರುವ ನಾನು ವಿದ್ಯಾರ್ಥಿಗಳನ್ನು ಸರದಿಯಂತೆ ಅಲ್ಲಿಗೂ ಕಳಿಸಲಿದ್ದೇನೆ. ಅವರನ್ನೆಲ್ಲ ಬೈದು, ಕಾಡಿಸಿ, ಒಳ್ಳೆಯ ವೈದ್ಯರನ್ನಾಗಿ ಮಾಡಿ ಹಿಂದಿರುಗಿಸಲು ಬೇಕಾದಷ್ಟು ಆಯುಷ್ಯ, ಆರೋಗ್ಯ ನಮ್ಮ ಗುರುಗಳಿಗಿರಲಿ. ನನಗಂತೂ ಅವರು ಇನ್ನೂ ಬೇಕು. ಕೈಮೀರಿದ ಕೇಸು ಬಂದಾಗ ಯಾರನ್ನು ಕರೆಯಬೇಕೆಂದು ನನಗೆ ಗೊತ್ತಿದೆ. ಕರೆದಾಗಲೆಲ್ಲ ಅವರು ಫೋನ್ ಎತ್ತುತ್ತಿರಲಿ.