ಯಾವ ದಿನದ ನಾಳೆ?

ಒಲೆಯ ಮೇಲೆ ಕಾದ ಚರಿಗೆಯನ್ನು ಗಂಗಾಂಬಿಕಾ ಸೆರಗಿನಲ್ಲಿ ಹಿಡಿದು ಇಳಿಸುತ್ತಾರೆ. ಅದರ ಬಿಸಿ ತಳವನ್ನು ಮುದುಡಿದ ಕಾಗದವೊಂದರ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಹತ್ತಿಗೆ ಹೊಡೆಯುವ ಕೀಟನಾಶಕ ಎಣ್ಣೆಯ ಡಬ್ಬಿಯ ಜೊತೆ ಬರುವ, ಯಾರೂ ಬಿಡಿಸಿ ನೋಡದ ಚೀಟಿ ಅದು. ಸುಕ್ಕು ಹೋದ ಮೇಲೆ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತಾರೆ. ಅದು ಮರಿಯಮ್ಮನಹಳ್ಳಿಯ ಕಣ್ಣಿನ ಶಿಬಿರದ ಕರಪತ್ರ.

ಕುರೆಕುಪ್ಪದ ಈ ಎರಡು ಕೋಣೆಯ ಮನೆಗೆ ಇನ್ನೂ ಬೆಳಗಿನ ಬೆಳಕು ಬಂದಿಲ್ಲ. ರಾತ್ರಿ ಪಾಳಿ ಮುಗಿಸಿ ಗಂಡ ಬರುವಷ್ಟರಲ್ಲಿ ರೊಟ್ಟಿ ಆಗಬೇಕು. ಬಾಗಿಲ ಬಳಿ ಕುಳಿತ ಅತ್ತೆ ನಿಂಗಕ್ಕ ಎಲ್ಲವನ್ನೂ ನೋಡುತ್ತಿದ್ದಾರೆ.

"ನನ್ನ ಸೀರಿ ಒಂದಿನ ಇಸ್ತ್ರಿ ಕಂಡಿಲ್ಲ. ಕಾಗದಕ್ಕ ನೋಡು, ದಿನಾ ಹಬ್ಬ."

ಸೊಸೆ ನಗುತ್ತಾರೆ.

ಗಂಗಾಂಬಿಕಾ ಸಂಡೂರಿನ ಗುಡ್ಡಗಳ ಬುಡದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಊರಿನ ಹೆಸರು ಬರೆಯುವುದು ಬೇಡವೆಂದರು. ಈ ಬರಹದಲ್ಲಿ ಜನರ ಹೆಸರುಗಳನ್ನು ನಾನು ಬದಲಿಸಿದ್ದೇನೆ. ಹನ್ನೊಂದು ವರ್ಷಗಳಿಂದ ಪ್ರತಿ ಜೂನ್‌ನಲ್ಲೂ ತಮ್ಮನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತಾರೆ. ಸಂಬಳದ ಮಾತು ಬಂದಾಗ ಅವರು ಹೇಳಿದ್ದು ಬೇರೆಯೇ: "ಮನ್ಯಾಗ ನಾನು ಸೊಸಿ, ಹೇಣ್ತಿ, ಅವ್ವ. ನಾನು ನಾನಾಗಿರೋದು ಆ ಸಾಲ್ಯಾಗ ಅಷ್ಟರಿ."

ಐದನೇ ತರಗತಿಗೆ ಅವರು ಪಠ್ಯಪುಸ್ತಕದ ಜೊತೆ ಈ ಚೀಟಿಗಳನ್ನೂ ಓದಿಸುತ್ತಾರೆ. ಬೀಜದ ಚೀಲದ ಬೆನ್ನು, ಕರೆಂಟು ತೆಗೆಯುವ ಪ್ರಕಟಣೆ, ಬಸ್ ನಿಲ್ದಾಣದಲ್ಲಿ ಬರೆದುಕೊಂಡ ವೇಳಾಪಟ್ಟಿ. ಓದಿದ ಮೇಲೆ ಮಕ್ಕಳೇ ಕೇಳಬೇಕು: ಇದನ್ನು ಯಾರು ಬರೆದರು, ಯಾರಿಗಾಗಿ ಬರೆದರು, ಹೇಳದೆ ಬಿಟ್ಟದ್ದು ಏನು?

"ಕಥಿ ಓದಿದ್ರ ಮಕ್ಳು ನಗ್ತಾವು, ಅಳ್ತಾವು. ಚೀಟಿ ಓದಿದ್ರ ಏನರ ಮಾಡ್ಬೇಕಾಗ್ತೈತಿ. ಅದು ಬ್ಯಾರೆ ಓದು" ಎನ್ನುತ್ತಾರೆ.

ಹೋದ ಸೀತಾಫಲದ ಕಾಲದಲ್ಲಿ ಕಲ್ಲು ಕ್ವಾರಿಯವರು ಶಾಲೆಯ ಗೋಡೆಗೊಂದು ಪ್ರಕಟಣೆ ಅಂಟಿಸಿದ್ದರು. ನಾಳೆ ಮಧ್ಯಾಹ್ನ ಗುಡ್ಡದಲ್ಲಿ ಬಂಡೆ ಸಿಡಿಸಲಾಗುವುದು, ಯಾರೂ ಆ ಕಡೆ ಹೋಗಬಾರದು ಎಂದು ಅದರಲ್ಲಿತ್ತು. ಗಂಗಾಂಬಿಕಾ ಅದನ್ನೇ ಆ ದಿನದ ಪಾಠ ಮಾಡಿಕೊಂಡರು. ತರಗತಿ ಒಂದೇ ಉಸಿರಿಗೆ ಓದಿ ಮುಗಿಸಿತು. ಗಾಯತ್ರಿ ಎಂಬ ಹುಡುಗಿ ಮಾತ್ರ ಮೊದಲ ಪದದಲ್ಲೇ ನಿಂತಳು. ಅಕ್ಷರದ ಮೇಲೆ ಬೆರಳಿಟ್ಟು, ಅರ್ಥವಾಗದೆ ಮುಂದಕ್ಕೆ ಹೋಗದವಳು ಅವಳು.

"ಟೀಚರ್, ಇದು ಯಾವ ದಿನದ ನಾಳೆ?"

ಪ್ರಕಟಣೆಯಲ್ಲಿ ತಾರೀಖು ಇರಲಿಲ್ಲ. ದೆವ್ವ ಬರಬಾರದೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಇದೂ ಹಂಗೇ ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಅದನ್ನು ಅಂಟಿಸಿದ್ದು ಯಾವಾಗ ಎಂದು ಕೇಳಿದರೆ ಒಬ್ಬ ನಿನ್ನೆ ಎಂದ, ಇನ್ನೊಬ್ಬಳು ಮೊನ್ನೆ ಎಂದಳು. ಗಂಗಾಂಬಿಕಾ ಕೆಳಗಿದ್ದ ನಂಬರಿಗೆ ಫೋನ್ ಮಾಡಿದರು. ಇವತ್ತೇ, ಇನ್ನೊಂದು ತಾಸಿಗೆ ಎಂದಿತು ಆ ಕಡೆಯ ದನಿ.

ಗಾಯತ್ರಿಯ ತಾಯಿ ಭರಮಮ್ಮ ಆಗ ಆಡುಗಳ ಹಿಂದೆ ಗುಡ್ಡದ ಮೇಲಿದ್ದರು. ಊರವರು ಓಡಿ, ಕೂಗಿ, ಕೆಳಗಿಳಿಸಿದರು. ಅವರು ಆಡುಗಳೊಂದಿಗೆ ಕೆರೆಯ ಏರಿ ಮುಟ್ಟಿದ ಮೇಲೆ ಗುಡ್ಡ ಗುಡುಗಿತು.

ನಾನು ಶಾಲೆಗೆ ಹೋಗಿದ್ದು ಓದಿನ ಪರೀಕ್ಷೆಯ ಹಿಂದಿನ ದಿನ. ಹೊರಗಿನಿಂದ ಬಂದವರು ಗಡಿಯಾರ ಹಿಡಿದು, ಒಂದು ನಿಮಿಷದಲ್ಲಿ ಮಗು ಎಷ್ಟು ಪದ ಓದಿತು ಎಂದು ಎಣಿಸುತ್ತಾರಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಖ್ಯ ಶಿಕ್ಷಕ ದೊಡ್ಡಬಸಪ್ಪ ಗಂಗಾಂಬಿಕಾ ಅವರನ್ನು ಕಟ್ಟೆಯ ಕಡೆ ಕರೆದರು. ಕೆಟ್ಟ ಮನುಷ್ಯರಲ್ಲ ಅವರು. ಅಂಕಿ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರೇ.

"ಗಾಯತ್ರಿ ಓದು ಇಡೀ ತರಗತೀನ ಕೆಳಗ ಎಳೀತೈತ್ರಿ, ಟೀಚರ್. ನಾಳೆ ಒಂದಿನ ಆಡು ಕಾಯ್ಲಿ. ಅವ್ರ ಮನಿಗೆ ನೀವ ಹೇಳಿಬಿಡ್ರಿ" ಎಂದರು. "ಜೂನ್‌ನ್ಯಾಗ ನಿಮ್ನ ಕರೀಬೇಕಲ್ಲ" ಎಂದೂ ಸೇರಿಸಿದರು.

ಗಂಗಾಂಬಿಕಾ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಮಧ್ಯಾಹ್ನದ ತರಗತಿಯಲ್ಲಿ ಗಾಯತ್ರಿ ಎಣ್ಣೆಯ ಚೀಟಿಯ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಎಣ್ಣೆ ಹೊಡೆದವರು ಕೈ ತೊಳೆಯಬೇಕು ಎಂದಿದೆ. ತೊಳೆದ ನೀರು ಎಲ್ಲಿ ಚೆಲ್ಲಬೇಕೆಂದು ಇಲ್ಲವಲ್ಲ ಎಂದು ಅವಳ ಪ್ರಶ್ನೆ. ಅವಳು ಕೊನೆಯ ಸಾಲು ಮುಟ್ಟುವವರೆಗೂ ಗಂಗಾಂಬಿಕಾ ಗಂಟೆಯ ಕಡೆ ನೋಡಲಿಲ್ಲ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿದೆ. ನಾನೂ ಗಂಗಾಂಬಿಕಾ ಅವರೂ ಭರಮಮ್ಮನ ಮನೆಯ ಕಡೆ ನಡೆಯುತ್ತೇವೆ. ಭರಮಮ್ಮ ಆಡುಗಳನ್ನು ದೊಡ್ಡಿಗೆ ಸೇರಿಸುತ್ತಿದ್ದಾರೆ. ಕುಂದ್ರಿ, ಚಾ ಕುಡೀರಿ ಎನ್ನುತ್ತಾರೆ. ಗಂಗಾಂಬಿಕಾ ಕೂರುವುದಿಲ್ಲ. ಬ್ಯಾಗಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತಾರೆ.

"ನಾಳೆ ಗಾಯತ್ರೀನ ಜಲ್ದಿ ಕಳಸ್ರಿ ಅಕ್ಕ. ತಲಿ ಬಾಚಿ ಕಳಸ್ರಿ. ಸಾಲಿಗೆ ಮಂದಿ ಬರಾವ್ರದಾರ."

ಆಡಿನ ಮರಿಯೊಂದನ್ನು ತಬ್ಬಿಕೊಂಡು ನಿಂತ ಗಾಯತ್ರಿ ತಲೆ ಎತ್ತುತ್ತಾಳೆ. "ನಾಳೆ ಅಂದ್ರ ಶುಕ್ರವಾರ ಅಲ್ರಿ ಟೀಚರ್?"

"ಹೌದು. ಶುಕ್ರವಾರ."

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತು ಬ್ಯಾಗಿನಿಂದ ಮುದುಡಿದ ಚೀಟಿಯೊಂದನ್ನು ತೆಗೆಯುತ್ತಾರೆ. ತೊಡೆಯ ಮೇಲಿಟ್ಟು, ಅಂಗೈಯಿಂದ ಸುಕ್ಕು ಬಿಡಿಸತೊಡಗುತ್ತಾರೆ.